ಗುಂಡಿಗೆ ಇಲ್ಲವಂತೆ!

ಈಗಷ್ಟೇ ಜೂನಿಯರ್ ಕುಸ್ತಿ ಪಂದ್ಯ ನೋಡಿಕೊಂಡು ಬಂದೆ. ಮೈ ಇನ್ನೂ ಉರೀತಿದೆ, ಅದಕ್ಕೇ ಬರೀತಿದ್ದೀನಿ. ನನ್ನ ಬಲಗಿವಿ ಕುಸ್ತಿ ಆಡಿ ಆಡಿಯೇ ಹೀಗೆ ಮುದುಡಿಕೊಂಡಿದೆ ಅಂತ ಗೊತ್ತಿರುವವರಿಗೆ ಪೀಠಿಕೆ ಬೇಕಿಲ್ಲ.

ಹುಡುಗನಿಗೆ ಹದಿನಾರು ಇರಬಹುದು. 6–2ರಲ್ಲಿ ಮುಂದಿದ್ದ. ಕೊನೇ ನಿಮಿಷದಲ್ಲಿ ಕಾಲು ಸೋತವು, ಹಿಂದೆ ಹಿಂದೆ ಸರಿಯತೊಡಗಿದ, 6–8ರಲ್ಲಿ ಸೋತ. ಮ್ಯಾಟ್ ಇಳಿದು ಬಂದವನಿಗೆ ಕೋಚ್ ಮಹಾಶಯರು ಕೊಟ್ಟದ್ದು ನೀರಲ್ಲ, ಕಪಾಳಕ್ಕೆ. ಜೊತೆಗೆ ಎಲ್ಲರಿಗೂ ಕೇಳುವ ಹಾಗೆ, "ನಿನಗೆ ಗುಂಡಿಗೇನೇ ಇಲ್ವಲ್ಲೋ!"

ಸ್ವಾಮಿ, ಗುಂಡಿಗೆ ಅನ್ನೋದು ಹುಟ್ಟುವಾಗ ಹೊತ್ತು ತರುವ ಮಚ್ಚೆಯಾ? ನಾಲ್ಕು ಅಂಕ ಮುಂದಿರುವಾಗ ಹೇಗೆ ಆಡಬೇಕು ಅಂತ ಆ ಹುಡುಗನಿಗೆ ಒಂದು ದಿನವಾದರೂ ಅಭ್ಯಾಸ ಮಾಡಿಸಿದ್ದೀರಾ? ಓಡಿದರೆ ರೆಫರಿ ಬಿಡಲ್ಲ, ನಿಷ್ಕ್ರಿಯ ಅಂತ ಎಚ್ಚರಿಸುತ್ತಾನೆ, ಆಮೇಲೆ ಎದುರಾಳಿಗೆ ಅಂಕವೂ ಹೋಗುತ್ತೆ. ಮುಂದಿದ್ದರೂ ಮ್ಯಾಟಿನ ನಡುಭಾಗ ಬಿಡದೆ, ಎದುರಾಳಿಯ ಮಣಿಕಟ್ಟು ಹಿಡಿದು, ತಲೆಗೆ ತಲೆ ಕೊಟ್ಟು ನಿಲ್ಲಬೇಕು. ಅದಕ್ಕೆ ಸುಸ್ತಾದ ಹುಡುಗನ ಮೇಲೆ ಒಬ್ಬರಾದ ಮೇಲೊಬ್ಬರು ಹೊಸಬರನ್ನು ಬಿಟ್ಟು, "ಒಂದು ಅಂಕ ಮುಂದಿದ್ದೀಯ, ಮೂವತ್ತು ಸೆಕೆಂಡ್ ಇದೆ, ಉಳಿಸ್ಕೋ" ಅಂತ ದಿನಾ ಆಡಿಸಬೇಕು. ನೂರು ಸಲ ಕಂಡ ಮೂವತ್ತು ಸೆಕೆಂಡ್ ನೂರಾ ಒಂದನೇ ಸಲ ಅಷ್ಟಾಗಿ ಹೆದರಿಸಲ್ಲ. ಹೊರಗಿನವರು ಅದನ್ನೇ ನೋಡಿ ಗುಂಡಿಗೆ ಅಂತಾರೆ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚಿನ ಪಂದ್ಯದ ಮೊದಲರ್ಧ ಮುಗಿಸಿದಾಗ 0–5. ಗೆದ್ದದ್ದು 8–5ರಲ್ಲಿ. ನಡುವೆ ಸಿಗೋದು ಬರೀ ಮೂವತ್ತು ಸೆಕೆಂಡಿನ ಬಿಡುವು. ಆ ಮೂವತ್ತು ಸೆಕೆಂಡ್ ಬೈಯ್ಯೋದಕ್ಕೆ ಬಳಸಿದರೆ ಏನಾಗುತ್ತೆ ಅಂತ ನಾನು ಇವತ್ತು ನೋಡಿ ಬಂದೆ. 2024ರ ಪ್ಯಾರಿಸ್ ನೆನಪಿಸಿಕೊಳ್ಳಿ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಲ್ಲಿಯವರೆಗೆ ಸೋಲೇ ಕಾಣದ ಜಪಾನಿನ ಯುಯಿ ಸುಸಾಕಿ ಎದುರು ವಿನೇಶ್ ಫೋಗಟ್ ಕೊನೆಯ ಸೆಕೆಂಡುಗಳವರೆಗೂ 0–2ರಲ್ಲಿ ಹಿಂದಿದ್ದರು. ಸುಸಾಕಿಗೆ ಪಟ್ಟು ಹಾಕಲು ಕಾಲೇ ಕೊಡದೆ ಕಾದರು. ಕಟ್ಟಕಡೆಗೆ ಒಂದೇ ಹಿಡಿತ, ಎರಡು ಅಂಕ. ತೀರ್ಪನ್ನು ಪ್ರಶ್ನಿಸಿ ಜಪಾನ್ ಸೋತದ್ದಕ್ಕೆ ಇನ್ನೊಂದು, 3–2, ಪಂದ್ಯ ಅವರದು. ಟಿವಿ ಮುಂದೆ ನಾವು "ಎಂಥಾ ಧೈರ್ಯ!" ಅಂತ ಕೂಗಿದೆವು. ಕಾಯೋದಕ್ಕೆ ಯೋಜನೆ ಬೇಕು ಕಣ್ರಪ್ಪ. ಬರೀ ಧೈರ್ಯ ಇದ್ದವಳು ಮೊದಲ ನಿಮಿಷದಲ್ಲೇ ನುಗ್ಗಿ ಮುಗಿಸಿಕೊಳ್ತಿದ್ದಳು.

ಈಗ ಕಾಮೆಂಟಲ್ಲಿ ಯಾರೋ ಅಮೆರಿಕದ ಡ್ಯಾನ್ ಗೇಬಲ್ ಹೆಸರು ತಂದೇ ತರ್ತೀರಿ. ಗೊತ್ತು. ಆತ ಕರುಣೆ ಇಲ್ಲದ ಕೋಚ್, ಅಯೋವಾ ವಿಶ್ವವಿದ್ಯಾಲಯಕ್ಕೆ 15 ರಾಷ್ಟ್ರೀಯ ತಂಡ ಪ್ರಶಸ್ತಿ ಗೆದ್ದುಕೊಟ್ಟ, ಒಪ್ಪಿದೆ. ಆದರೆ ಆತನ ಕಾಠಿಣ್ಯ ಇದ್ದದ್ದು ಅಭ್ಯಾಸದ ಕೋಣೆಯಲ್ಲಿ. ಶಾಲೆ-ಕಾಲೇಜು ಉದ್ದಕ್ಕೂ ಸೋಲದೆ ಬಂದು, ಕಾಲೇಜಿನ ಕಟ್ಟಕಡೆಯ ಪಂದ್ಯದಲ್ಲಿ, 1970ರಲ್ಲಿ, ಲ್ಯಾರಿ ಓವಿಂಗ್ಸ್ ಎದುರು ಸೋತ ಮನುಷ್ಯ ಆತ. ಎರಡೇ ವರ್ಷಕ್ಕೆ ಮ್ಯೂನಿಕ್‌ನಲ್ಲಿ ಒಂದೂ ಅಂಕ ಬಿಟ್ಟುಕೊಡದೆ ಚಿನ್ನ ಗೆದ್ದ. ಸೋತ ಹುಡುಗನಿಗೆ ಕಪಾಳಕ್ಕೆ ಹೊಡೆಯೋದಕ್ಕೆ ಈತನ ಹೆಸರು ಎಳೆದು ತರಬೇಡಿ. ನಿಮಗೆ ಗೇಬಲ್‌ನ ಸಿಟ್ಟು ಬೇಕು, ಆತನ ದುಡಿಮೆ ಬೇಡ.

ಇಷ್ಟೆಲ್ಲ ಉರಿಯೋದಕ್ಕೆ ಇನ್ನೊಂದು ಕಾರಣ ಇದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನೂ ಕೆಲವು ಕಾಲ ಹುಡುಗರ ಕಡೆ ಕೋಚ್ ಕುರ್ಚಿಯಲ್ಲಿ ಕೂತಿದ್ದೆನಲ್ಲ, ಆಗಿನದು. ಸ್ಕೋರ್ 4–4. ಇಬ್ಬರದೂ ಎರಡೆರಡು ಟೇಕ್‌ಡೌನ್ (ಎದುರಾಳಿಯನ್ನು ಕೆಡವಿದ್ದಕ್ಕೆ ಸಿಗುವ ಎರಡು ಅಂಕ), ಕೊನೆಯದು ನಮ್ಮ ಹುಡುಗನದು. ಹೀಗೆ ಎಲ್ಲ ಸಮವಾದರೆ ಕೊನೆಗೆ ಅಂಕ ಗಳಿಸಿದವನೇ ಗೆಲ್ಲೋದು. ಹಾಗೇ ನಿಂತಿದ್ದರೆ ಗೆಲುವು ಅವನದೇ. ಎದುರಾಳಿಯ ಕಾಲು ಗೆರೆ ದಾಟಿದ್ದಕ್ಕೆ ರೆಫರಿ ಅಂಕ ಕೊಡಲಿಲ್ಲ ಅಂತ ನನಗೆ ನೆತ್ತಿಗೇರಿತು. ಚಾಲೆಂಜ್ ಮಾಡುವ ಸ್ಪಂಜಿನ ಇಟ್ಟಿಗೆ ಎತ್ತಿ ಮ್ಯಾಟ್ ಮೇಲೆ ಎಸೆದೆ. ವಿಡಿಯೊ ನೋಡಿದರು. ಕಾಲು ಒಳಗೇ ಇತ್ತು. ಚಾಲೆಂಜ್ ಸೋತರೆ ಎದುರಾಳಿಗೆ ಒಂದು ಅಂಕ. 4–5. ಉಳಿದದ್ದು ಹತ್ತೋ ಹನ್ನೆರಡೋ ಸೆಕೆಂಡ್.

ಕೋಚ್ ಎಸೆದದ್ದನ್ನು ಕುಸ್ತಿಪಟು ಬೇಡ ಅಂದು ವಾಪಸ್ ಎಸೆಯಬಹುದು, ನಿಯಮದಲ್ಲೇ ಇದೆ. ಕಾಲು ಒಳಗಿತ್ತು ಅಂತ ಆ ಹುಡುಗನಿಗೆ ಗೊತ್ತಿತ್ತು, ಅವನ ಕಣ್ಣೆದುರೇ ಇತ್ತಲ್ಲ. ಇಟ್ಟಿಗೆ ನೋಡಿದ, ನನ್ನ ಮುಖ ನೋಡಿದ, ಸುಮ್ಮನೆ ನಿಂತ.

ಮ್ಯಾಟ್ ಇಳಿದು ಬಂದ ಮೇಲೆ ನಾನು ಅವನಿಗೆ ಹೇಳಿದ್ದೂ ಅದೇ ಮಾತು, ಗುಂಡಿಗೆ ಇಲ್ಲ ಅಂತ.