ಕರಡಿಗೆ ಆಕ್ಷೇಪಣೆ ಇದೆಯೇ?

ಪೇಪರಿನ ಒಳಪುಟದಲ್ಲಿ, ಕಾಣೆಯಾದವರ ಫೋಟೋ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ರಕಟಣೆ ಬಂದಿತ್ತು: ನಮ್ಮ ಬಡಾವಣೆಯ ಯೋಜನಾ ಕರಡಿಗೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಎದುರು ಮನೆ ಅಜ್ಜಿಗೆ ಓದಿ ಹೇಳಿದೆ.

"ಕರಡಿಗೆ ಯಾಕಪ್ಪಾ ಆಕ್ಷೇಪಣೆ? ಪಾಪ, ಅದರ ಪಾಡಿಗೆ ಅದು ಕಾಡಲ್ಲಿರುತ್ತೆ" ಅಂದರು.

ಕರಡಿ ಅಲ್ಲ ಅಜ್ಜಿ, ಕರಡು ಅಂತ ತಿದ್ದಿದೆ. ಕಚೇರಿಗೆ ಹೋಗಿ ಬಂದ ಮೇಲೆ ಸುಮ್ನೆ ತಿದ್ದಿದೆ ಅನ್ನಿಸಿತು. ಕರಡಿಯಾದರೆ ಕಣ್ಣಿಗಾದರೂ ಬೀಳುತ್ತದೆ, ಅಲ್ವಾ?

ಒಳಗೆ ಕಾಲಿಟ್ಟಾಗ ಗುಮಾಸ್ತರು ಶಿವಪೂಜೆಗೆ ಕರಡಿ ನುಗ್ಗಿದ ಹಾಗೆ ನನ್ನನ್ನು ನೋಡಿದರು. ಕರಡು ನೋಡಬೇಕಿತ್ತು ಅಂದೆ. "ನೋಡೋಕೆ ಅಂತ ಬಂದವರು ನೀವೇ ಮೊದಲು" ಅಂದರು. ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ.

ನಕ್ಷೆ ಗೋಡೆ ಮೇಲಿತ್ತು. ಅರ್ಧ ಗೋಡೆಗೆ ಬೀರು ಒತ್ತರಿಸಿತ್ತು. ಹಳದಿ ಅಂದರೆ ವಾಸದ ಮನೆ, ನೀಲಿ ಅಂದರೆ ಅಂಗಡಿ ಮುಂಗಟ್ಟು, ಹಸಿರು ಅಂದರೆ ಪಾರ್ಕು. ನಮ್ಮ ಬೀದಿ ಯಾವ ಬಣ್ಣ ಅಂತ ಬೀರುವಿಗೇ ಗೊತ್ತು. ಮೊಬೈಲ್ ಟಾರ್ಚ್ ಹಾಕಿ, ಕೆನ್ನೆಯನ್ನು ಗೋಡೆಗೆ ಒತ್ತಿ ಇಣುಕಿದೆ. ನಮ್ಮ ಮನೆ ಮೇಲೇ ಒಂದು ಗೆರೆ!

"ಸಾರ್, ಇದು ರಸ್ತೆನಾ?"

ಗುಮಾಸ್ತರು ಕೈ ತೂರಿಸಿ ಉಗುರಿನಿಂದ ಕೆರೆದರು. "ಇಲ್ಲ ಬಿಡಿ, ಕಾಗದ ಮಡಚಿದ ಗುರುತು."

ಜೀವ ಬಂತು.

"ರಸ್ತೆ ಇಲ್ಲಿದೆ ನೋಡಿ." ಅವರ ಬೆರಳು ಅಜ್ಜಿಯ ಅಡುಗೆಮನೆ ಮೇಲಿತ್ತು.

ಆಕ್ಷೇಪಣೆ ಬರೆದುಕೊಟ್ಟೆ. ಮೂರು ಪ್ರತಿ ಬೇಕಂತೆ. ಮೂರಕ್ಕೂ ಮುದ್ರೆ ಬಿತ್ತು. ಉತ್ತರ ಬರುತ್ತಾ ಅಂದರೆ, "ಹಿಂಬರಹ ಬರುತ್ತೆ" ಅಂದರು. ಹಿಂಬರಹದಲ್ಲಿ ಏನಿರುತ್ತೆ? "ನಿಮ್ಮ ಆಕ್ಷೇಪಣೆ ಬಂದಿದೆ ಅಂತ ಇರುತ್ತೆ." ಅವರನ್ನೂ ಬೈಯುವಂತಿಲ್ಲ. ನಮ್ಮ ಯೋಜನಾ ಕಾಯ್ದೆ 1961ರದ್ದು. ಜನರನ್ನು ಕೇಳಿ ಅಂತ ಅದರಲ್ಲಿದೆ. ಕೇಳಿದ್ದಾರೆ.

ಅಜ್ಜಿಗೆ ಹೇಗಪ್ಪಾ ಹೇಳೋದು ಅಂತ ದಾರಿಯುದ್ದಕ್ಕೂ ಯೋಚನೆ. ಕೊನೆಗೆ ಹೇಳಿಯೇಬಿಟ್ಟೆ. ಅಜ್ಜಿ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಯಾವಾಗ ಒಡೀತಾರಂತೆ?"

ಸಮಾಧಾನ ಮಾಡಲು ಬೆಂಗಳೂರಿನ ಪುರಾಣ ತೆಗೆದೆ. 2015ರವರೆಗಿನ ಮಾಸ್ಟರ್ ಪ್ಲಾನಿಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. 2031ರವರೆಗಿನದರ ಕರಡು 2017ರ ನವೆಂಬರಿನಲ್ಲಿ ಬಂತು. ಜನ ರಾಶಿ ರಾಶಿ ಆಕ್ಷೇಪಣೆ ಕೊಟ್ಟರು. ಅದಕ್ಕೆ ಕೊನೆಗೂ ಒಪ್ಪಿಗೆ ಸಿಗಲಿಲ್ಲ. 2015 ಮುಗಿದು ವರ್ಷಗಳಾದರೂ ಊರು ನಡೆದದ್ದು ಅದೇ ಹಳೇ ಪ್ಲಾನಿನಲ್ಲಿ. ಮೆಡಿಕಲ್ ಶಾಪಿನವನು ತಾರೀಖು ಮುಗಿದ ಮಾತ್ರೆ ಮಾರಿದರೆ ಅಂಗಡಿಗೆ ಬೀಗ ಬೀಳುತ್ತೆ.

ಅಜ್ಜಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು.

"ತೆಂಗು ಫಲ ಕೊಡೋಕೆ ಆರೇಳು ವರ್ಷ ಬೇಕು, ಅಲ್ವಾ? ನಾಳೆ ಬರ್ತಾ ಒಂದು ಸಸಿ ತಂದುಬಿಡು."