ಬಳ್ಳಿ ತೊಟ್ಟ ಅಂಗಿ

ಒಗೆದು ಹಾಕಿದ ಅಂಗಿ ಒಣಗಲು ಎಷ್ಟು ಹೊತ್ತು ಬೇಕು? ನನ್ನದೊಂದು ನೀಲಿ ಅಂಗಿ ಮೂರು ತಿಂಗಳಿಂದ ಹಿತ್ತಲ ತಂತಿಯ ಮೇಲೆ ಒಣಗುತ್ತಲೇ ಇದೆ. ಒಂದು ತೋಳು ಬಿಸಿಲಿಗೆ ಬಿಳಿಚಿಕೊಂಡಿದೆ. ಇನ್ನೊಂದು ತೋಳು ಎಲೆಗಳ ನೆರಳಿನಲ್ಲಿ ಹೊಸದರಂತೆಯೇ ಇದೆ. ಅದನ್ನು ತೆಗೆಯುವ ಹಕ್ಕು ಈಗ ನನಗಿಲ್ಲ.

ಹಿತ್ತಲು ಅಂದೆನಲ್ಲ, ನಾಲ್ಕು ಹೆಜ್ಜೆ ಹಾಕಿದರೆ ಮೂಗು ಗೋಡೆಗೆ ತಾಗುವಷ್ಟು ಜಾಗ ಅದು. ನೆಲವೆಲ್ಲ ಸಿಮೆಂಟು. ಅಗಲಕ್ಕೆ ಜಾಗವಿಲ್ಲದಿದ್ದರೇನು, ಎತ್ತರಕ್ಕೆ ಆಕಾಶದವರೆಗೂ ನಮ್ಮದೇ ಎಂದು ಲೆಕ್ಕ ಹಾಕಿ, ಹಳದಿ ಹಣ್ಣು ಬಿಡುವ ಪ್ಯಾಶನ್ ಫ್ರೂಟ್ ಬಳ್ಳಿಯೊಂದನ್ನು ಹಿಡಿ ಮುರಿದ ಬಕೆಟ್ಟಿನಲ್ಲಿ ನೆಟ್ಟೆ. ಬಕೆಟ್ಟು 10 ಲೀಟರಿನದು, ಬಳ್ಳಿಯ ಆಸೆ ಅದಕ್ಕಿಂತ ದೊಡ್ಡದು. ಬೆಳಿಗ್ಗೆ ಬಗ್ಗಡವಾಗುವಷ್ಟು ನೀರು ಹಾಕಿದರೂ ಮಧ್ಯಾಹ್ನಕ್ಕೆ ಎಲೆಗಳು ಜೋತುಬಿದ್ದು, ನನ್ನನ್ನು ಕಟುಕನನ್ನು ನೋಡುವ ಹಾಗೆ ನೋಡುತ್ತಿದ್ದವು. ಸರಿ, 40 ಲೀಟರಿನ ಡ್ರಮ್ಮು ತಂದು ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ, ಬಳ್ಳಿಯನ್ನು ಸ್ಥಳಾಂತರಿಸಿ, ಚೆನ್ನಾಗಿ ನೀರುಣಿಸಿದೆ. ಬಿಸಿಲು ಬೀಳುವುದು ಆ ಮೂಲೆಯಲ್ಲಲ್ಲ, ಈ ಮೂಲೆಯಲ್ಲಿ ಎಂದು ಹೊಳೆದದ್ದು ಆಮೇಲೆ. ನೀರು ಕುಡಿದ ಅಷ್ಟು ಮಣ್ಣು 50 ಕಿಲೋಗೂ ಮಿಕ್ಕಿ ತೂಗುತ್ತದೆ. ಎರಡು ಬಾರಿ ತಳ್ಳಿದೆ. ಡ್ರಮ್ಮು ಜಾಗ ಬಿಡಲಿಲ್ಲ, ನನ್ನ ಸೊಂಟದಲ್ಲಿ ಯಾವುದೋ ಒಂದು ಜಾಗ ಬಿಟ್ಟಿತು. ಹೀಗಾಗಿ ಬಳ್ಳಿ ಬಟ್ಟೆ ಒಣಹಾಕುವ ತಂತಿಯ ಕೆಳಗೇ ಬಿಡಾರ ಹೂಡಿತು.

ಒಂದು ಭಾನುವಾರವಿಡೀ ಕೂತು ಬಿದಿರುಕಡ್ಡಿ, ಸುತಲಿ ಸೇರಿಸಿ ಚಂದದ ಹಂದರ ಕಟ್ಟಿದೆ. ಬಳ್ಳಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ನೆಲ ಒರೆಸುವ ಕೋಲು, ಕಿಟಕಿಯ ಸರಳು, ಮಗಳ ಸೈಕಲ್ಲಿನ ಬ್ರೇಕು, ಹೀಗೆ ನಾವು ದಿನಾ ಮುಟ್ಟುವುದನ್ನೆಲ್ಲ ಹುಡುಕಿ ಹುಡುಕಿ ಹಿಡಿಯಿತು.

"ಗೊಬ್ಬರ ಕಮ್ಮಿಯಾಗಿರಬೇಕು" ಎಂದು ಯಾರೋ ಅಂದರು. ಯಾರೋ ಅಂದದ್ದನ್ನು ನಾನು ಯಾವತ್ತೂ ಎರಡರಷ್ಟು ಮಾಡುವವನು. ಯೂರಿಯಾ ಹಿಡಿಹಿಡಿಯಾಗಿ ಬಿತ್ತು. ಸಾರಜನಕ ಹೆಚ್ಚಾದರೆ ಬಳ್ಳಿ ಹೂವಿನ ಯೋಚನೆ ಬಿಟ್ಟು ಎಲೆಯ ವ್ಯಾಪಾರಕ್ಕೆ ಇಳಿಯುತ್ತದಂತೆ. ವರ್ಷ ತುಂಬುವಷ್ಟರಲ್ಲಿ ಹಿತ್ತಲಿನಲ್ಲಿ ಹಗಲೇ ಲೈಟು ಹಾಕಬೇಕಾಯಿತು. ಬಳ್ಳಿಗೆ ಕಾಯಿ ಭಾರವೇ ಎಂದು ಗಾದೆ ಕಟ್ಟಿದವರಿಗೆ ನಮ್ಮ ಮನೆಯ ಸಮಸ್ಯೆ ಗೊತ್ತಿರಲಿಲ್ಲ. ಇಲ್ಲಿ ಭಾರವಾಗಲು ಕಾಯಿಯಾದರೂ ಬೇಕಲ್ಲ!

ಗೊಬ್ಬರ ನಿಲ್ಲಿಸಿದೆ. ಅದೇ ಹೊತ್ತಿಗೆ ಎರಡು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ತಂತಿಯ ಮೇಲೆ ಮರೆತುಹೋದ ನೀಲಿ ಅಂಗಿಯ ತೋಳಿಗೆ ಬಳ್ಳಿಯ ಕುಡಿ ಸುತ್ತಿಕೊಂಡಿತ್ತು. ಹಂಬುವ ಗಿಡಗಳ ಮೇಲೆಂದೇ ಡಾರ್ವಿನ್ 1865ರಲ್ಲಿ ದೊಡ್ಡದೊಂದು ಪ್ರಬಂಧ ಬರೆದಿದ್ದಾನೆ. ಇದೇ ಕುಲದ ಒಂದು ಬಳ್ಳಿಯ ಕುಡಿಯನ್ನು ಕಡ್ಡಿಯಿಂದ ಮುಟ್ಟಿದರೆ ಅರ್ಧ ನಿಮಿಷದಲ್ಲಿ ಬಾಗತೊಡಗುವುದನ್ನು ಆತ ಕಣ್ಣಾರೆ ಕಂಡಿದ್ದ. ಅಂಥದಕ್ಕೆ ನಾನು ಎರಡು ದಿನ ಕೊಟ್ಟಿದ್ದೆ! ಕುಡಿ ಅರ್ಧ ಬಲಕ್ಕೆ, ಅರ್ಧ ಎಡಕ್ಕೆ ತಿರುಚಿಕೊಂಡು ಸ್ಪ್ರಿಂಗಾಗಿತ್ತು. ಎಳೆದರೆ ಬರುತ್ತದೆ, ಬಿಟ್ಟರೆ ವಾಪಸು ಹೋಗುತ್ತದೆ.

ಕತ್ತರಿ ತಂದೆ. ಆಗ ಕಂಡಿತು, ತೋಳಿನ ಗುಂಡಿಯ ಪಕ್ಕದಲ್ಲಿ ಒಂದು ಮೊಗ್ಗು. ಕತ್ತರಿ ಒಳಗಿಟ್ಟೆ.

ಇನ್ನು ಹೂವಿನ ಸೇವೆ. ಬೆಳಿಗ್ಗೆ ಏಳಕ್ಕೆ ಹೋದೆ, ಮುಚ್ಚಿತ್ತು. ಹತ್ತಕ್ಕೂ ಮುಚ್ಚಿತ್ತು. ಹಳದಿ ಜಾತಿಯ ಹೂ ಅರಳುವುದೇ ಮಧ್ಯಾಹ್ನ, ರಾತ್ರಿಗೆ ಮತ್ತೆ ಬಾಗಿಲು ಬಂದ್, ಅಷ್ಟೇ ಅದರ ಬಾಳು. ಪರಾಗ ಹಚ್ಚಬೇಕಾದ ದೊಡ್ಡ ಕಪ್ಪು ದುಂಬಿ ನಮ್ಮ ಕಡೆ ಸುಳಿಯುತ್ತಿರಲಿಲ್ಲ. ಆಫೀಸಿಗೆ ಅರ್ಧ ದಿನ ರಜೆ ಹಾಕಿ (ಕಾರಣ: ಮನೆಯಲ್ಲಿ ಶುಭಕಾರ್ಯ), ಹೆಂಡತಿಯ ಕೆನ್ನೆಗೆ ಬಣ್ಣ ಹಚ್ಚುವ ಬ್ರಷ್ಷು ಕದ್ದು ನಾನೇ ದುಂಬಿಯಾದೆ. ಹೂ ಉದುರಿತು. ಆಮೇಲೆ ಅರಳಿದ ಆರೂ ಉದುರಿದವು. ಈ ಜಾತಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ, ಬೇರೆ ಗಿಡದ್ದೇ ಬೇಕು ಎಂದು ತಿಳಿದಾಗ ನಾನು ಎದೆಯುಬ್ಬಿಸಿದೆ. ನನ್ನ ಹತ್ತಿರ ಇನ್ನೊಂದು ಗಿಡ ಇತ್ತಲ್ಲ, ಅದೇ ಹಳೇ ಬಕೆಟ್ಟಿನಲ್ಲಿ! ಅದರಲ್ಲೂ ಹೂ ಬಿಟ್ಟಿತ್ತು. ಹಚ್ಚಿದೆ. ಅದೂ ಉದುರಿತು.

"ಅಪ್ಪಾ, ಎರಡನೇ ಗಿಡ ಎಲ್ಲಿಂದ ತಂದಿದ್ದು?" ಎಂದಳು ಮಗಳು.

"ಮೊದಲನೆಯದರ ತುಂಡು ಕತ್ತರಿಸಿ ನೆಟ್ಟಿದ್ದು."

"ಹಾಗಾದ್ರೆ ಅದೂ ಇದೇ ಗಿಡ ಅಲ್ವಾ?"

ಕನ್ನಡಿಯಲ್ಲಿ ಕಂಡ ಮುಖದ ಜೊತೆ ಜಾತಕ ಕೂಡಿಸಿ ನೋಡಿದ್ದೆ ನಾನು. ಕೊನೆಗೆ ಎರಡು ಬೀದಿ ಆಚೆ, ಬೀಜದಿಂದ ಬೆಳೆಸಿದ ಬಳ್ಳಿಯಿದ್ದ ಮನೆಯ ಬಾಗಿಲು ತಟ್ಟಿ, ಉರಿಬಿಸಿಲಿನಲ್ಲಿ ಟಿಫಿನ್ ಡಬ್ಬಿಯೊಳಗೆ ಒಂದು ಹೂವನ್ನು ಮದುಮಗನಂತೆ ಕರೆತಂದೆ. ಆ ಮನೆಯಾಕೆ ಗೇಟಿನ ಚಿಲಕ ಹಾಕಿದ್ದನ್ನು ಎರಡೆರಡು ಸಲ ನೋಡಿಕೊಂಡರು.

ಈ ಸಲ ಕಾಯಿ ಕಚ್ಚಿತು. ಅದೂ ಅಂಗಿಯ ತೋಳಿನ ಪಕ್ಕದ್ದೇ. ಹಣ್ಣಾದಾಗ ತಾನೇ ಕಳಚಿ ಬೀಳುವ ಜಾತಿಯಾದ್ದರಿಂದ ಕೆಳಗೆ ಹಳೇ ದಿಂಬು ಹಾಸಿ ಎಪ್ಪತ್ತು ದಿನ ಕಾದೆ. ಅಷ್ಟೂ ದಿನ ಉಳಿದ ಬಟ್ಟೆಗಳೆಲ್ಲ ಮನೆಯೊಳಗೆ ಕುರ್ಚಿಗಳ ಬೆನ್ನ ಮೇಲೆ ಒಣಗಿದವು. ಒಂದು ರಾತ್ರಿ ಹಣ್ಣು ಬಿತ್ತು, ದಿಂಬಿನಿಂದ ಒಂದು ಗೇಣು ಆಚೆಗೆ. ಬೆಳಿಗ್ಗೆ ಕತ್ತರಿಸಿ ಮೂವರಿಗೂ ಚಮಚದಲ್ಲಿ ಹಂಚಿದೆ. ಮೂವರೂ ಒಟ್ಟಿಗೆ ಒಂದು ಕಣ್ಣು ಮುಚ್ಚಿದೆವು, ಅಷ್ಟು ಹುಳಿ.

"ರೀ, ಈಗಲಾದ್ರೂ ಆ ಅಂಗಿ ತೆಗೀತೀರಾ?" ಎಂದಳು ಇವಳು, ಹಲ್ಲು ಜುಮ್ಮೆನ್ನುವುದು ನಿಂತ ಮೇಲೆ.

ಕತ್ತರಿ ಹಿಡಿದು ಹೋದೆ. ಹೊಸ ಚಿಗುರು ತೋಳನ್ನು ದಾಟಿ ಕಾಲರಿಗೆ ಬಂದಿತ್ತು. ಮೇಲಿನ ಗುಂಡಿಯ ಪಕ್ಕದಲ್ಲಿ ಎರಡು ಮೊಗ್ಗು.

ದಿಂಬನ್ನು ಒಂದು ಗೇಣು ಆಚೆ ಸರಿಸಿ ಬಂದೆ.