ಕೇಕಿನ ಫೋಟೋ ಹಾಕಿ, ಜೊತೆಗೆ ಅಳತೆಯನ್ನೂ ಹಾಕಿ

ಡಿಸೆಂಬರ್ ಬಂತೆಂದರೆ ಬೆಳಗಾವಿಯ ನಮ್ಮ ಗೆಳತಿಯರ ಗುಂಪಿನಲ್ಲಿ ಬರೀ ಕೇಕಿನ ಫೋಟೋಗಳು. ಕ್ಯಾಂಪ್ ಕಡೆಯವರದು ಕ್ರಿಸ್‌ಮಸ್ ಪ್ಲಮ್ ಕೇಕ್. ಶಹಾಪುರದವರದು ನಾನ್‌ಖಟಾಯಿ. ಟಿಳಕವಾಡಿಯಲ್ಲಿ ಹೊಸದಾಗಿ ಓವನ್ ತಂದವರದು ಬಾಳೆಹಣ್ಣಿನ ಕೇಕ್. ಬಾಗಲಕೋಟೆಯಿಂದ ಒಬ್ಬರು ಸಜ್ಜೆ ಹಿಟ್ಟಿನ ಬಿಸ್ಕೀಟ್ ಮಾಡಿ ಕಳಿಸುತ್ತಾರೆ. ನೋಡೋಕೆ ಖುಷಿ. ಹೆಣ್ಣುಮಕ್ಕಳು, ಈಗೀಗ ಗಂಡುಮಕ್ಕಳೂ, ಇಷ್ಟು ಆಸೆಯಿಂದ ಮನೆಯಲ್ಲೇ ಸಿಹಿ ಬೇಯಿಸುತ್ತಿದ್ದಾರಲ್ಲ, ಅದು ದೊಡ್ಡ ಮಾತು.

ಆದರೆ "ವೈನಿ, ಬೆಲ್ಲ ಎಷ್ಟ ಹಾಕೀರಿ?" ಅಂತ ಕೇಳಿ ನೋಡಿ. "ಅಂದಾಜಲೆ ಹಾಕೇನ್ರಿ" ಅಂತಾರೆ. ನನ್ನ ತಕರಾರು ಇಲ್ಲೇ ಇರೋದು. ಪಲ್ಯ, ಸಾರು ಅಂದಾಜಿನ ಮೇಲೆ ನಡೆಯುತ್ತವೆ. ಉಪ್ಪು ಕಡಿಮೆ ಬಿದ್ದರೆ ಆಮೇಲೆ ಹಾಕಬಹುದು. ಓವನ್ ಒಳಗೆ ಹೋದ ಕೇಕಿಗೆ ಆಮೇಲೆ ಏನು ಸೇರಿಸುತ್ತೀರಿ? ಸೋಡಾ ಅರ್ಧ ಚಮಚವೋ ಒಂದು ಚಮಚವೋ ಅನ್ನೋದರಲ್ಲೇ ಕೇಕ್ ಉಬ್ಬುತ್ತದೆ, ಇಲ್ಲಾ ಸಾಬೂನಿನ ರುಚಿ ಬರುತ್ತದೆ. ಫೋಟೋ ನೋಡಿ ಆಸೆಪಟ್ಟು ಯಾರೋ ಒಬ್ಬಾಕೆ ತುಪ್ಪ, ಬಾದಾಮಿ ಎಲ್ಲ ತಂದು ಮಾಡಿರುತ್ತಾಳೆ. ಕೇಕ್ ಮಧ್ಯದಲ್ಲಿ ಕುಸಿದರೆ "ನನ್ನ ಕೈಗುಣನೇ ಸರಿ ಇಲ್ಲ" ಅಂದುಕೊಂಡು ಬಿಟ್ಟುಬಿಡುತ್ತಾಳೆ. ಅದು ಕೈಗುಣದ ಮಾತೇ ಅಲ್ಲ. ಆಕೆಗೆ ಅಳತೆ ಸಿಕ್ಕಿರಲಿಲ್ಲ, ಅಷ್ಟೇ.

ನಮ್ಮ ಕಡೆ ಮೊದಲು ಹೀಗಿರಲಿಲ್ಲ. ಮನೆಯಲ್ಲಿ ಓವನ್ ಇಲ್ಲದ ಕಾಲದಲ್ಲಿ ನಾನ್‌ಖಟಾಯಿ ಮಾಡಿಸೋಕೆ ಬೇಕರಿಯ ಭಟ್ಟಿಗೆ ಹೋಗುತ್ತಿದ್ದೆವು. ವಿಜಯಪುರದಲ್ಲಿ ಅವ್ವನ ಜೊತೆ ನಾನೂ ಹೋಗುತ್ತಿದ್ದೆ. ಸ್ಟೀಲ್ ಡಬ್ಬಿಗಳಲ್ಲಿ ಮೈದಾ, ಚಿರೋಟಿ ರವೆ, ಸ್ವಲ್ಪ ಕಡಲೆ ಹಿಟ್ಟು, ಬೀಸಿದ ಸಕ್ಕರೆ, ಡಾಲ್ಡಾ, ಪುಡಿ ಮಾಡಿದ ಏಲಕ್ಕಿ. ಭಟ್ಟಿಯವರು ದೊಡ್ಡ ಪರಾತದಲ್ಲಿ ಡಾಲ್ಡಾ, ಸಕ್ಕರೆ ಹಾಕಿ ಅಂಗೈಯಿಂದ ತಿಕ್ಕೀ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದರು. ಆಮೇಲೆ ಹಿಟ್ಟು. ಹೆಚ್ಚು ನಾದುವ ಹಾಗಿಲ್ಲ, ಕೂಡಿದರೆ ಸಾಕು. ನಿಂಬೆಕಾಯಿ ಗಾತ್ರದ ಉಂಡೆ, ಮೇಲೆ ಹೆಬ್ಬೆರಳಿನ ಒತ್ತು, ಅದರಲ್ಲೊಂದು ಚಾರೋಳಿ. ತಗಡಿನ ಟ್ರೇ ಒಳಗೆ ಹೋದ ಮೇಲೆ ಹೆಂಗಸರೆಲ್ಲ ಅಲ್ಲೇ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು.

ಅಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಯಾರ ಡಬ್ಬಿಯಲ್ಲಿ ರವೆ ಎಷ್ಟು, ಯಾರು ತುಪ್ಪ ತಂದರು, ಯಾರು ಡಾಲ್ಡಾ ತಂದರು, ಎಲ್ಲರಿಗೂ ಕಾಣುತ್ತಿತ್ತು. "ನಿಮ್ಮವು ಯಾಕ ಇಷ್ಟ ಹಗುರ ಆಗ್ಯಾವ?" ಅಂದರೆ ಉತ್ತರ ಅಲ್ಲೇ ಸಿಗುತ್ತಿತ್ತು. ಒಬ್ಬರು ತಿಳಿದದ್ದು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಈಗ ಪ್ರತಿ ಮನೆಯಲ್ಲೂ ಒಂದು ಓವನ್, ಕೆಲಸ ಒಬ್ಬರೇ ಮಾಡುತ್ತೇವೆ. ಪರಾತ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಬಾಯಿಬಿಟ್ಟು ಹೇಳಲೇಬೇಕು, ಅಲ್ವಾ?

ಹೇಳುವಾಗ ಕಪ್ ಬೇಡ, ಗ್ರಾಂ ಹೇಳಿ. ನಿಮ್ಮ ಕಪ್ ಬೇರೆ, ನನ್ನ ಕಪ್ ಬೇರೆ. ಹಿಟ್ಟನ್ನು ಒತ್ತಿ ತುಂಬಿದರೆ ಒಂದು ತೂಕ, ಸುಮ್ನೆ ಸುರಿದರೆ ಇನ್ನೊಂದು. ಕೇಕ್ ಬೇಯಿಸುವ ಡಬ್ಬಿಯ ಅಗಲ ಹೇಳಿ. ಜೊತೆಗೆ ಊರು, ತಿಂಗಳು ಕೂಡ. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಜುಲೈನಲ್ಲಿ ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ. ಬೆಲ್ಲ ನೀರೊಡೆಯುತ್ತದೆ, ಬಿಸ್ಕೀಟ್ ಹೊರಗಿಟ್ಟರೆ ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತದೆ. ಮೇ ತಿಂಗಳ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಉಂಡೆ ಕಟ್ಟುವಷ್ಟರಲ್ಲೇ ಬೆಣ್ಣೆ ಕರಗುತ್ತದೆ. ಉಂಡೆ ಕಟ್ಟಿದ ಟ್ರೇಯನ್ನು 20 ನಿಮಿಷ ಫ್ರಿಜ್‌ನಲ್ಲಿಟ್ಟು ಆಮೇಲೆ ಬೇಯಿಸಬೇಕು, ಇಲ್ಲದಿದ್ದರೆ ಎಲ್ಲ ಹರಡಿ ಒಂದೇ ರೊಟ್ಟಿ. ಮಳೆಗಾಲದಲ್ಲಿ ಬೆಳಗಾವಿಯವರು ಬರೆದದ್ದನ್ನು ಬೇಸಿಗೆಯಲ್ಲಿ ವಿಜಯಪುರದವರು ಹಾಗೇ ಮಾಡಿದರೆ ಬರಲ್ಲ.

ಮಾತಿಗೆ ತಕ್ಕಂತೆ ನನ್ನದನ್ನು ಪೂರ್ತಿ ಬರೆಯುತ್ತೇನೆ. ಜೋಳದ ಕೇಕ್. ಬಿಳಿಜೋಳದ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಪುಡಿ ಬೆಲ್ಲ 150 ಗ್ರಾಂ, ಗಟ್ಟಿ ಮೊಸರು 200 ಗ್ರಾಂ, ಹಾಲು 60 ಮಿಲಿ, ವಾಸನೆ ಇಲ್ಲದ ಎಣ್ಣೆ 80 ಮಿಲಿ, ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚ, ಸೋಡಾ ಅರ್ಧ ಸಣ್ಣ ಚಮಚ, ಚಿಟಿಕೆ ಉಪ್ಪು, ಏಲಕ್ಕಿ, ಸ್ವಲ್ಪ ಜಾಜಿಕಾಯಿ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ರೊಟ್ಟಿ ಬಡಿಯುವಾಗ ಕುದಿಯುವ ಎಸರು ಹಾಕಿ ಹಿಟ್ಟಿಗೆ ಜಿಗಿ ತರುತ್ತೇವಲ್ಲ, ಅದಕ್ಕೇ. ಕೇಕಿನಲ್ಲಿ ಆ ಅಂಟನ್ನು ಗೋಧಿ ಕೊಡುತ್ತದೆ. ಇನ್ನೊಂದು ತೊಂದರೆ, ಜೋಳ ನೆನೆಯದಿದ್ದರೆ ಬಾಯಲ್ಲಿ ಮರಳಿನ ಹಾಗೆ ಸಿಗುತ್ತದೆ. ಅದಕ್ಕೆ ಮೊದಲು ಜೋಳದ ಹಿಟ್ಟನ್ನು ಮಾತ್ರ ಮೊಸರು, ಹಾಲಿನಲ್ಲಿ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ಬೆಲ್ಲ, ಎಣ್ಣೆ. ಸೋಡಾ ಮತ್ತು ಬೇಕಿಂಗ್ ಪೌಡರನ್ನು ಗೋಧಿ ಹಿಟ್ಟಿನ ಜೊತೆ ಜರಡಿ ಹಿಡಿದು ಕೊನೆಗೆ ಹಾಕಿ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಗುಳ್ಳೆ ಬಿಡಲು ಶುರು ಮಾಡುತ್ತದೆ. ಮೊದಲೇ ಹಾಕಿ ಅರ್ಧ ಗಂಟೆ ಇಟ್ಟರೆ ಅದರ ಜೋರೆಲ್ಲ ಪಾತ್ರೆಯಲ್ಲೇ ಮುಗಿದುಹೋಗುತ್ತದೆ. ಕಲಸಿದ್ದು ಗಟ್ಟಿ ಅನ್ನಿಸಿದರೆ ಇನ್ನೆರಡು ಚಮಚ ಹಾಲು. 7 ಇಂಚಿನ ಡಬ್ಬಿ, ಮೊದಲೇ ಕಾಯಿಸಿದ ಓವನ್, 170 ಡಿಗ್ರಿ, 40 ರಿಂದ 45 ನಿಮಿಷ. ಬೆಲ್ಲದ ಕೇಕ್ ಮೇಲ್ಗಡೆ ಬೇಗ ಕಪ್ಪಾಗುತ್ತದೆ, ಅದಕ್ಕೇ 180 ಬೇಡ.

ಓವನ್ ಇಲ್ಲದವರು ಕುಕ್ಕರ್‌ನಲ್ಲಿ ಮಾಡಿ. ತಳಕ್ಕೆ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್, ಮುಚ್ಚಳದ ರಬ್ಬರ್ ಮತ್ತು ಸೀಟಿ ಎರಡೂ ತೆಗೆದು. ನೀರು ಹಾಕಬಾರದು.

ಬೆಲ್ಲಕ್ಕೆ ನಾವು ಪುಣ್ಯವಂತರು. ಮಹಾಲಿಂಗಪುರದ ಬೆಲ್ಲ ಮನೆ ಬಾಗಿಲಲ್ಲಿದೆ. ಹಾಗೇ ದ್ರಾಕ್ಷಿ. ವಿಜಯಪುರ ಜಿಲ್ಲೆಯಲ್ಲಿ, ತಿಕೋಟಾ ಕಡೆ, ಬೇಸಿಗೆಯಲ್ಲಿ ಹೋದರೆ ಶೆಡ್‌ಗಳಲ್ಲಿ ಸಾಲು ಸಾಲು ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿರುತ್ತದೆ. ಸಿಪ್ಪೆ ಮೇಲಿನ ಮೇಣ ಬಿಡಲಿ, ಬೇಗ ಒಣಗಲಿ ಅಂತ ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿರುತ್ತಾರೆ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಇಷ್ಟು ಒಳ್ಳೆಯ ಮಾಲು ಪಕ್ಕದಲ್ಲಿರುವಾಗ ಪ್ಲಮ್ ಕೇಕಿಗೆ ಬಣ್ಣಬಣ್ಣದ ಟೂಟಿ ಫ್ರೂಟಿ ಯಾಕೆ? ಒಣದ್ರಾಕ್ಷಿಯನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ರಾತ್ರಿ ಕಿತ್ತಳೆ ರಸದಲ್ಲಿ ನೆನೆಸಿ, ಬಸಿದು, ಬಟ್ಟೆಯಲ್ಲಿ ಒರೆಸಿ ಹಾಕಿ. ಕಲಸಿದ ಹಿಟ್ಟು ತೆಳ್ಳಗಿದ್ದರೆ ಎಲ್ಲ ತಳಕ್ಕೆ ಇಳಿಯುತ್ತದೆ, ಗಟ್ಟಿ ಇರಲಿ.

ಇಂಡಿ ನಿಂಬೆಯೂ ಹಾಗೇ. ಜಿಐ, ಅಂದರೆ ಆ ಊರಿನದೇ ವಿಶೇಷ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು ಅದು. ಅದರ ಸಿಪ್ಪೆಯ ಹಸಿರನ್ನು ಸಣ್ಣಗೆ ತುರಿದು ಸಕ್ಕರೆ ಜೊತೆ ಬೆರಳಲ್ಲಿ ಉಜ್ಜಿ ನೋಡಿ, ಅಡುಗೆಮನೆ ತುಂಬಾ ಘಮ. ಬಿಳಿ ಭಾಗ ಬರಬಾರದು, ಕಹಿ.

ಒಂದು ಮಾತು ಮಾತ್ರ ಖಡಕ್ಕಾಗಿ ಹೇಳುತ್ತೇನೆ. ನಮ್ಮ ಬೆಳಗಾವಿಯ ಹಾಲಿನ ಸಿಹಿ ಕುಂದಾವನ್ನು ಓವನ್‌ಗೆ ಹಾಕಬೇಡಿ. ಹಾಲು ಬತ್ತಿಸುತ್ತಾ, ತಳ ಕೆರೆಯುತ್ತಾ ಕಂದು ಬಣ್ಣ ಬರಿಸೋದೇ ಅದರ ರುಚಿ. ಕೈ ನೋಯುತ್ತದೆ, ನಿಜ. ಬೇಡವಾದರೆ ಅಂಗಡಿಯಿಂದ ತನ್ನಿ, ಬೆಳಗಾವಿಯಲ್ಲಿ ಅದಕ್ಕೇನು ಬರ?

ಮನೆಯಿಂದ ಕೇಕ್ ಮಾರುವ ಅಕ್ಕಂದಿರಿಗೆ ಈ ಒತ್ತಾಯ ಇಲ್ಲ. ಅದು ಅವರ ಹೊಟ್ಟೆಪಾಡು, ಮಕ್ಕಳ ಫೀಸು ಅದರಲ್ಲೇ ನಡೆಯುತ್ತದೆ. ಅವರ ಅಳತೆ ಅವರಲ್ಲೇ ಇರಲಿ. ನಾನು ಕೇಳೋದು ಮನೆಮಂದಿಗೆ ಅಂತ ಮಾಡಿ, ಖುಷಿಗೆ ಫೋಟೋ ಹಾಕುವವರನ್ನು.

ಈ ವಾರ ನಿಮ್ಮ ಮನೆಯಲ್ಲಿ ಏನು ಬೇಯಿತು? ಗ್ರಾಂ ಲೆಕ್ಕದಲ್ಲಿ ಕೆಳಗೆ ಬರೀರಿ. ಸರಿ ಬರದಿದ್ದರೂ ಬರೀರಿ, ಯಾಕೆ ಬರಲಿಲ್ಲ ಅಂತ ಕೂಡಿ ನೋಡೋಣ. ನನಗೂ ಒಂದು ಬೇಕಿದೆ. ಮೈದಾ ಒಂಚೂರೂ ಹಾಕದೆ ಸಜ್ಜೆ ಬಿಸ್ಕೀಟ್ ಮುರಿದು ಪುಡಿಯಾಗದ ಹಾಗೆ ಮಾಡೋದು ಹೇಗೆ? ಬಾಗಲಕೋಟೆಯ ಅಕ್ಕ, ನೀವು ಅದಕ್ಕೆ ಎಳ್ಳು ಕುಟ್ಟಿ ಹಾಕುತ್ತೀರೋ, ಅಗಸಿ ಹಾಕುತ್ತೀರೋ?